ಐಕಾನ್ ಒತ್ತಿದರೆ ತೆರೆಯುವ ಪ್ರೋಗ್ರಾಮ್ ಸ್ಕ್ರಿಪ್ಟ್‌ನಿಂದ ಏಕೆ ತೆರೆಯುವುದಿಲ್ಲ?

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬ್ರೌಸರ್, ಲೆಕ್ಕದ ಶೀಟ್, ಟೈಪಿಂಗ್ ಸಾಫ್ಟ್‌ವೇರ್ ಎಲ್ಲವೂ ಒಂದೇ ಕ್ಲಿಕ್‌ಗೆ ತೆರೆಯಲಿ ಎಂದು ಹಲವರು ಚಿಕ್ಕ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್) ಬರೆದುಕೊಳ್ಳುತ್ತಾರೆ. ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಸಾಕು. ಆದರೆ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮರೆಯಾಗುತ್ತದೆ, ಏನೂ ತೆರೆಯುವುದಿಲ್ಲ. ಪ್ರೋಗ್ರಾಮೇ ಕೆಟ್ಟಿದೆ ಎಂದುಕೊಂಡು ಅದನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಆ ಶ್ರಮ ಬೇಡ. ಹೆಚ್ಚಿನ ಸಲ ತಪ್ಪಿರುವುದು ಪಾತ್‌ನಲ್ಲಿ, ಅಂದರೆ ಫೈಲ್ ಎಲ್ಲಿದೆ ಎಂದು ನೀವು ಬರೆದ ವಿಳಾಸದಲ್ಲಿ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ಕಮಾಂಡ್‌ಗಳು ಇಲ್ಲಿ ಕನ್ನಡ ಲಿಪಿಯಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಸಂದೇಶ ಓದಿ

ಬ್ಯಾಚ್ ಫೈಲನ್ನು ಕ್ಲಿಕ್ ಮಾಡಿ ಪರೀಕ್ಷಿಸಬೇಡಿ. ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು, ಫೈಲನ್ನು ಎಳೆದು ಅದರೊಳಗೆ ಬಿಟ್ಟು ಎಂಟರ್ ಒತ್ತಿ. ಈಗ ಕಿಟಕಿ ಮುಚ್ಚಿಕೊಳ್ಳುವುದಿಲ್ಲ, ಸಂದೇಶ ಅಲ್ಲೇ ಉಳಿಯುತ್ತದೆ.

ಅದನ್ನು ಅಕ್ಷರ ಅಕ್ಷರ ಓದಿ. ‘ಸಿ:\ಪ್ರೋಗ್ರಾಮ್ ಈಸ್ ನಾಟ್ ರೆಕಗ್ನೈಸ್ಡ್’ ಎಂದು ಬಂದರೆ ಪಾತ್ ನಡುವೆಯೇ ತುಂಡಾಗಿದೆ. ಪೂರ್ತಿ ಪಾತ್ ತೋರಿಸಿ ‘ನಾಟ್ ರೆಕಗ್ನೈಸ್ಡ್’ ಎಂದರೆ ಫೋಲ್ಡರ್ ಸಿಕ್ಕಿದೆ, ಅದರಲ್ಲಿ ಆ ಹೆಸರಿನ ಫೈಲ್ ಇಲ್ಲ. ‘ಸಿಸ್ಟಮ್ ಕೆನಾಟ್ ಫೈಂಡ್ ದ ಪಾತ್’ ಎಂದರೆ ಫೋಲ್ಡರೇ ಸಿಕ್ಕಿಲ್ಲ. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಸ್ಪೇಸ್ ಮತ್ತು ಕೋಟ್

ಪಾತ್ ತುಂಡಾಗುವುದು ಸ್ಪೇಸ್ ಇರುವ ಕಡೆ. ವಿಎಲ್‌ಸಿ ಪ್ಲೇಯರ್ ಸಾಮಾನ್ಯವಾಗಿ ಇರುವ ಜಾಗ ನೋಡಿ:

ಸಿ:\ಪ್ರೋಗ್ರಾಮ್ ಫೈಲ್ಸ್\ವಿಡಿಯೋಲ್ಯಾನ್\ವಿಎಲ್‌ಸಿ\ವಿಎಲ್‌ಸಿ.ಇಎಕ್ಸ್‌ಇ

‘ಪ್ರೋಗ್ರಾಮ್’ ಆದ ಮೇಲೆ ಸ್ಪೇಸ್ ಬಂತು. ಕಮಾಂಡ್ ಅಲ್ಲಿಗೇ ಮುಗಿಯಿತು ಎಂದು ವಿಂಡೋಸ್ ತಿಳಿಯುತ್ತದೆ. ಇಡೀ ಪಾತ್ ಅನ್ನು ಡಬಲ್ ಕೋಟ್ ಒಳಗೆ ಹಾಕಿದರೆ ಸರಿಹೋಗುತ್ತದೆ. ಪಾತ್ ಅನ್ನು ಕೈಯಾರೆ ಟೈಪ್ ಮಾಡುವ ಅಗತ್ಯವೂ ಇಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಪಾತ್’ ಒತ್ತಿ. ವಿಂಡೋಸ್ 10ರಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಬೇಕು. ಕೋಟ್ ಸಮೇತ ಕಾಪಿ ಆಗುತ್ತದೆ.

ಕೋಟ್ ಹಾಕಿದರೂ ಆಗುತ್ತಿಲ್ಲವೇ? ಆ ಸಾಲನ್ನು ವರ್ಡ್‌ನಿಂದ ಅಥವಾ ಯಾರೋ ಕಳಿಸಿದ ಮೆಸೇಜ್‌ನಿಂದ ಕಾಪಿ ಮಾಡಿದ್ದೀರಾ ನೋಡಿ. ವರ್ಡ್ ನೇರ ಕೋಟನ್ನು ಬಾಗಿದ ಕೋಟ್ ಮಾಡಿಬಿಡುತ್ತದೆ. ಪಾತ್‌ಗೆ ಅದು ನಡೆಯುವುದಿಲ್ಲ. ಅಳಿಸಿ, ನೋಟ್‌ಪ್ಯಾಡ್‌ನಲ್ಲೇ ಮತ್ತೆ ಒತ್ತಿ.

ಪ್ರೋಗ್ರಾಮ್ ತೆರೆಯಲು ಸಾಲಿನ ಮೊದಲಿಗೆ ಹಾಕುವ ‘ಸ್ಟಾರ್ಟ್’ ಕಮಾಂಡ್‌ನದು ಬೇರೆಯೇ ತಕರಾರು. ಅದಿಲ್ಲದಿದ್ದರೆ ಮೊದಲ ಪ್ರೋಗ್ರಾಮ್ ಮುಚ್ಚುವವರೆಗೆ ಬ್ಯಾಚ್ ಫೈಲ್ ಮುಂದಿನ ಸಾಲಿಗೆ ಹೋಗುವುದಿಲ್ಲ, ಹಾಗಾಗಿ ಅದು ಬೇಕೇ ಬೇಕು. ಆದರೆ ಕೋಟ್‌ನಲ್ಲಿ ಬಂದ ಮೊದಲ ಮಾತನ್ನು ಅದು ಕಿಟಕಿಯ ಶೀರ್ಷಿಕೆ ಎಂದು ಓದುತ್ತದೆ. ನಿಮ್ಮ ಪಾತ್ ತಲೆಬರಹವಾಗಿ ಕೂತ ಖಾಲಿ ಕಪ್ಪು ಕಿಟಕಿ ತೆರೆದರೆ ಕಾರಣ ಇದೇ. ಮೊದಲು ಒಂದು ಖಾಲಿ ಕೋಟ್ ಜೋಡಿ ಕೊಡಿ:

ಸ್ಟಾರ್ಟ್ "" "ಸಿ:\ಪ್ರೋಗ್ರಾಮ್ ಫೈಲ್ಸ್\ವಿಡಿಯೋಲ್ಯಾನ್\ವಿಎಲ್‌ಸಿ\ವಿಎಲ್‌ಸಿ.ಇಎಕ್ಸ್‌ಇ"

ಕಮಾಂಡ್ ಪ್ರಾಂಪ್ಟ್ ಬದಲು ಪವರ್‌ಶೆಲ್ ಬಳಸುವವರು ಕೋಟ್‌ನ ಮುಂದೆ & ಚಿಹ್ನೆ ಹಾಕಬೇಕು. ಇಲ್ಲದಿದ್ದರೆ ಅದು ಪ್ರೋಗ್ರಾಮ್ ತೆರೆಯದೆ ಪಾತ್ ಅನ್ನು ಸುಮ್ನೆ ಪರದೆಯ ಮೇಲೆ ಬರೆದು ಬಿಡುತ್ತದೆ.

ಸ್ಕ್ರಿಪ್ಟ್ ಯಾವ ಫೋಲ್ಡರ್‌ನಲ್ಲಿ ನಿಂತಿದೆ?

ಜಾಸ್ತಿ ತಲೆ ಕೆಡಿಸುವುದು ಇದು. ಬ್ಯಾಚ್ ಫೈಲ್ ಪಕ್ಕದಲ್ಲೇ ಇರುವ ಲೆಕ್ಕದ ಶೀಟನ್ನು ಬರೀ ಹೆಸರಿನಿಂದ ಕರೆದಿರುತ್ತೀರಿ. ಕ್ಲಿಕ್ ಮಾಡಿದರೆ ತೆರೆಯುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದರೆ ಫೈಲ್ ಇಲ್ಲ ಎನ್ನುತ್ತದೆ. ‘ಎಡಗಡೆ ಮೂರನೇ ಮನೆ’ ಎಂದಷ್ಟೇ ಹೇಳಿ, ಎಲ್ಲಿಂದ ಎಡಕ್ಕೆ ಎಂದು ಹೇಳದಿದ್ದರೆ ಆಗುವ ಪಾಡು ಇದು. ಬರೀ ಹೆಸರು ಕೊಟ್ಟಾಗ ವಿಂಡೋಸ್ ಹುಡುಕುವುದು ಆ ಹೊತ್ತಿಗೆ ತಾನು ನಿಂತಿರುವ ಫೋಲ್ಡರ್‌ನಲ್ಲಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಅದು ನಿಲ್ಲುವುದು ವಿಂಡೋಸ್ ಒಳಗಿನ ಸಿಸ್ಟಮ್32 ಫೋಲ್ಡರ್‌ನಲ್ಲಿ. ನಿಗದಿತ ಹೊತ್ತಿಗೆ ಕೆಲಸವನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಿಂದ ಓಡಿಸಿದರೂ ಅಷ್ಟೇ.

ಅನುಮಾನವಿದ್ದರೆ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ‘ಸಿಡಿ’ ಎಂದಷ್ಟೇ ಬರೆದು ಓಡಿಸಿ. ಎಲ್ಲಿ ನಿಂತಿದೆ ಎಂದು ಅದೇ ಹೇಳುತ್ತದೆ. ಆಮೇಲೆ ಆ ಸಾಲನ್ನು ಹೀಗೆ ಬದಲಿಸಿ:

ಸಿಡಿ /ಡಿ "%~ಡಿಪಿ0"

ಕೋಟ್ ಒಳಗಿರುವುದು ಸ್ಕ್ರಿಪ್ಟ್ ಇರುವ ಫೋಲ್ಡರ್ ಎಂಬ ಅರ್ಥ ಕೊಡುತ್ತದೆ. ನಡುವಿನ /ಡಿ ಬಿಡಬೇಡಿ. ಅದಿಲ್ಲದಿದ್ದರೆ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ದಾಟುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಸ್ಕ್ರಿಪ್ಟ್ ಇಟ್ಟುಕೊಂಡು ಓಡಾಡುವವರಿಗೆ ಈ ಒಂದು ಸಾಲು ದೊಡ್ಡ ಉಪಕಾರ. ಒಂದು ಕಂಪ್ಯೂಟರ್‌ನಲ್ಲಿ ಇ, ಇನ್ನೊಂದರಲ್ಲಿ ಜಿ ಡ್ರೈವ್ ಆದರೂ ಕೆಲಸ ನಿಲ್ಲುವುದಿಲ್ಲ. ನಾನಂತೂ ಯಾವ ಬ್ಯಾಚ್ ಫೈಲ್ ಬರೆದರೂ ಇದನ್ನು ಮೊದಲೇ ಹಾಕಿಬಿಡುತ್ತೇನೆ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ‘ಸ್ಟಾರ್ಟ್ ಇನ್’ ಎಂಬ ಖಾನೆಯೂ ಇದೆ. ಅಲ್ಲಿ ಫೋಲ್ಡರ್‌ನ ಪಾತ್ ತುಂಬಬಹುದು, ಆದರೆ ಕೋಟ್ ಇಲ್ಲದೆ. ಇಷ್ಟು ಹೊತ್ತು ಕೋಟ್ ಹಾಕಿ ಎಂದು ಹೇಳಿ ಇಲ್ಲಿ ಬೇಡ ಎನ್ನುವುದು ವಿಚಿತ್ರ ಅನಿಸಬಹುದು, ಅಲ್ವಾ? ಆದರೂ ಈ ಖಾನೆಯಲ್ಲಿ ಕೋಟ್ ಹಾಕಿದರೆ 2147942667 ಎಂಬ ದೋಷ ಸಂಖ್ಯೆ ಬರುತ್ತದೆ.

ಆಫೀಸಿನ ಸರ್ವರ್ ಫೋಲ್ಡರನ್ನು ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿಕೊಂಡಿದ್ದರೆ, ಬೇರೆ ಖಾತೆಯಲ್ಲಿ ಓಡುವ ಟಾಸ್ಕ್‌ಗೆ ಅದು ಕಾಣುವುದಿಲ್ಲ. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ಸರ್ವರ್ ಪಾತ್ ಬರೆಯಿರಿ.

ಕನ್ನಡ ಹೆಸರಿನ ಫೋಲ್ಡರ್

ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಡುವುದು ತಪ್ಪಲ್ಲ, ಇಡಬೇಕು ಕೂಡ. ಬ್ಯಾಚ್ ಫೈಲ್‌ಗೆ ಅದು ಅರ್ಥವಾಗಬೇಕಾದರೆ ಎರಡು ಕೆಲಸ ಮಾಡಿ. ಮೇಲ್ಗಡೆ ‘ಸಿಎಚ್‌ಸಿಪಿ 65001’ ಎಂದು ಒಂದು ಸಾಲು ಸೇರಿಸಿ (ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಓದು ಎಂಬ ಸೂಚನೆ ಇದು). ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆರಿಸಿ. ‘ವಿತ್ ಬಾಮ್’ ಎಂದಿರುವುದು ಬೇಡ, ಅದರಿಂದ ಮೊದಲ ಸಾಲೇ ಕೆಡುತ್ತದೆ. ಕಪ್ಪು ಕಿಟಕಿಯಲ್ಲಿ ಅಕ್ಷರದ ಬದಲು ಚೌಕ ಕಂಡರೂ ಹೆದರಬೇಡಿ. ಅದು ಫಾಂಟ್‌ನ ಕೊರತೆ ಅಷ್ಟೇ, ಪಾತ್ ಸರಿಯಾಗಿಯೇ ಇರುತ್ತದೆ.

ಇಷ್ಟಾದರೂ ಸಿಗದಿದ್ದರೆ ಹೆಸರಿನಲ್ಲಿ ಅರ್ಧಾಕ್ಷರದ ಪಕ್ಕ ಕಾಣದ ಗುರುತೊಂದು ಇರಬಹುದು. ‘ಬ್ಯಾಂಕ್‌ಗಳು’ ಎಂದು ಬರೆಯುವಾಗ ಕ್ ಮತ್ತು ಗ ಕೂಡಿಕೊಳ್ಳದಂತೆ ತಡೆಯುವುದು ಅಂಥ ಒಂದು ಗುರುತೇ. ಅದು ಪದದ ಕೊನೆಯಲ್ಲಿ ಉಳಿದರೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದಿರುವ ಹೆಸರು ಮತ್ತು ಇಲ್ಲದ ಹೆಸರು ವಿಂಡೋಸ್‌ಗೆ ಬೇರೆ ಬೇರೆ. ಇಂಥ ಹೆಸರನ್ನು ಟೈಪ್ ಮಾಡದೆ, ‘ಕಾಪಿ ಆ್ಯಸ್ ಪಾತ್’ನಿಂದಲೇ ತಂದು ಅಂಟಿಸಿ.