ಸಂಖ್ಯಾಶಾಸ್ತ್ರ: ಮೊದಲ ಕೋರ್ಸ್ ಮುಗಿಯಿತು, ಮುಂದೇನು?

ಸರಾಸರಿ, ಮಾನಕ ವಿಚಲನೆ, ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಗಳನ್ನು ಕಲಿತು ಪ್ರಾಥಮಿಕ ಕೋರ್ಸ್ ಮುಗಿಸಿದವರು ಸಾಮಾನ್ಯವಾಗಿ ಇನ್ನಷ್ಟು ಪರೀಕ್ಷೆಗಳ ಬೆನ್ನು ಹತ್ತುತ್ತಾರೆ. ಅದು ಸುತ್ತುಬಳಸಿನ ದಾರಿ. ಕಲಿತ ಸೂತ್ರಗಳು ಎಲ್ಲಿಂದ ಬಂದವು, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

ಅದಕ್ಕಾಗಿ ಸಂಭವನೀಯತೆಗೆ ಮರಳಿ, ಯಾದೃಚ್ಛಿಕ ಚರ, ನಿರೀಕ್ಷಿತ ಮೌಲ್ಯ, ಷರತ್ತುಬದ್ಧ ಸಂಭವನೀಯತೆಗಳನ್ನು ಗಟ್ಟಿ ಮಾಡಿಕೊಳ್ಳಿ. ಬೇಕಾಗುವ ಕಲನಶಾಸ್ತ್ರ ಮತ್ತು ಮ್ಯಾಟ್ರಿಕ್ಸ್ ಗಣಿತವನ್ನು ಜೊತೆಜೊತೆಗೇ ಕಲಿಯಬಹುದು. ಗಣಿತವೆಲ್ಲ ಮುಗಿಯಲೆಂದು ಕಾದರೆ ಸಂಖ್ಯಾಶಾಸ್ತ್ರದ ಸರದಿ ಬರುವುದೇ ಇಲ್ಲ.

ನಂತರ ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ ಸಿಮ್ಯುಲೇಷನ್ (ಕಂಪ್ಯೂಟರ್‌ನಲ್ಲಿ ಅನುಕರಣ ಪ್ರಯೋಗ) ಮಾಡಿ. ಸರಾಸರಿ 50 ಇರುವ ಸಮಮಿತ ವಿತರಣೆಯೊಂದರಿಂದ 30 ಸಂಖ್ಯೆಗಳ ಮಾದರಿಯನ್ನು (ಸ್ಯಾಂಪಲ್) ಆಯ್ದು, ಶೇ 95ರ ವಿಶ್ವಾಸಾಂತರವನ್ನು (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಲೆಕ್ಕಹಾಕಿ, ಇದನ್ನೇ 1,000 ಬಾರಿ ಪುನರಾವರ್ತಿಸಿದರೆ, ಸುಮಾರು 950 ಅಂತರಗಳು 50ನ್ನು ಒಳಗೊಂಡಿರುತ್ತವೆ. ಈಗ ಒಂದು ಕಡೆಗೆ ಬಹಳ ವಾಲಿದ ವಿತರಣೆಯನ್ನು ತೆಗೆದುಕೊಂಡು, ಮಾದರಿಯ ಗಾತ್ರವನ್ನು 5ಕ್ಕೆ ಇಳಿಸಿ ನೋಡಿ. ಆ ಎಣಿಕೆ 950ಕ್ಕಿಂತ ಸ್ಪಷ್ಟವಾಗಿ ಕುಸಿಯುತ್ತದೆ. ಪಠ್ಯಪುಸ್ತಕದಲ್ಲಿ ಓದಿ ಮರೆತ ‘ಪೂರ್ವಷರತ್ತು’ ಎಂಬ ಪದಕ್ಕೆ ಅರ್ಥ ಬರುವುದು ಇಲ್ಲಿಯೇ.

ಹೆಚ್ಚಿನ ಸಮಯವನ್ನು, ಒಂದು ಚರ ಬದಲಾದಂತೆ ಇನ್ನೊಂದು ಹೇಗೆ ಬದಲಾಗುತ್ತದೆಂದು ಅಳೆಯುವ ರಿಗ್ರೆಷನ್‌ಗೆ ಮೀಸಲಿಡಿ. ಎರಡು ಗುಂಪುಗಳನ್ನು 0 ಮತ್ತು 1 ಎಂದು ಗುರುತಿಸಿ ರಿಗ್ರೆಷನ್ ಮಾಡಿದರೆ, ಸಮಾನ ವಿಚಲನೆಯ ಟಿ-ಪರೀಕ್ಷೆ ಕೊಡುವ ಪಿ-ಮೌಲ್ಯವೇ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ) ಸಿಗುತ್ತದೆ. ಬೇರೆಬೇರೆಯೆಂದು ಕಲಿತವು ಒಂದೇ ಗಣಿತ ಮಾದರಿಯ (ಮಾಡೆಲ್) ರೂಪಗಳೆಂದು ಆಗ ತಿಳಿಯುತ್ತದೆ. ಹೌದು-ಇಲ್ಲ ಬಗೆಯ ಫಲಿತಾಂಶಕ್ಕೆ ಬಳಸುವ ಲಾಜಿಸ್ಟಿಕ್ ರಿಗ್ರೆಷನ್ ಇದರ ಮುಂದಿನ ಮೆಟ್ಟಿಲು. ಫಲಿತಾಂಶದ ಕೋಷ್ಟಕಕ್ಕಿಂತ ಮೊದಲು ನಕ್ಷೆಯನ್ನು (ಗ್ರಾಫ್) ನೋಡುವ ಅಭ್ಯಾಸವೂ ಬೇಕು. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕಂಬ್ 1973ರಲ್ಲಿ ರೂಪಿಸಿದ ನಾಲ್ಕು ದತ್ತಾಂಶಗಳಲ್ಲಿ, ಸರಾಸರಿಯೂ ಸುಮಾರು 0.82ರ ಸಹಸಂಬಂಧವೂ ಒಂದೇ ಆಗಿವೆ. ನಕ್ಷೆ ಬಿಡಿಸಿದರೆ ಮಾತ್ರ ಒಂದು ಬಾಗಿದ ರೇಖೆ, ಇನ್ನೊಂದರಲ್ಲಿ ಇಡೀ ಸಂಬಂಧವನ್ನು ಒಂದೇ ಬಿಂದು ಹೊತ್ತು ನಿಂತಿರುವುದು ಕಾಣುತ್ತದೆ.

ಸಂಖ್ಯಾಶಾಸ್ತ್ರಜ್ಞ ಬ್ರ್ಯಾಡ್ಲಿ ಎಫ್ರಾನ್ 1979ರಲ್ಲಿ ಪರಿಚಯಿಸಿದ, ಇರುವ ಮಾದರಿಯಿಂದಲೇ ಮತ್ತೆಮತ್ತೆ ಮಾದರಿ ತೆಗೆಯುವ ಬೂಟ್‌ಸ್ಟ್ರಾಪ್ ವಿಧಾನವನ್ನೂ, ಮೊದಲಿನ ತಿಳಿವನ್ನು ಹೊಸ ದತ್ತಾಂಶದಿಂದ ತಿದ್ದಿಕೊಳ್ಳುವ ಬೇಯೆಸಿಯನ್ ವಿಶ್ಲೇಷಣೆಯನ್ನೂ ಇದರ ನಂತರ ಎತ್ತಿಕೊಳ್ಳಬಹುದು. ಸಿಮ್ಯುಲೇಷನ್ ಪಳಗಿದ್ದರೆ ಇವೆರಡೂ ಅಷ್ಟು ಕಷ್ಟವಲ್ಲ.

ಕೊನೆಯದಾಗಿ, ನಿಮಗೆ ಆಸಕ್ತಿಯಿರುವ ನಿಜವಾದ ದತ್ತಾಂಶವೊಂದನ್ನು ಹಿಡಿದು ಆರಂಭದಿಂದ ವಿಶ್ಲೇಷಿಸಿ. ಅದನ್ನು ತೆರೆಯುವ ಮುನ್ನವೇ ನಿಮ್ಮ ಪ್ರಶ್ನೆಯನ್ನೂ ವಿಧಾನವನ್ನೂ ಬರೆದಿಡಿ. ಏಕೆಂದರೆ, ಯಾವ ಪರಿಣಾಮವೂ ಇಲ್ಲದ ಕಡೆ ಶೇ 5ರ ಮಟ್ಟದಲ್ಲಿ 20 ಸ್ವತಂತ್ರ ಪರೀಕ್ಷೆಗಳನ್ನು ನಡೆಸಿದರೆ, ಒಂದಾದರೂ ‘ಮಹತ್ವದ’ (ಪಿ-ಮೌಲ್ಯ 0.05ಕ್ಕಿಂತ ಕಡಿಮೆಯಿರುವ) ಫಲಿತಾಂಶ ಸಿಗುವ ಸಂಭವನೀಯತೆ ಸುಮಾರು ಶೇ 64ರಷ್ಟಿರುತ್ತದೆ.