ಅಪ್ಪನ ಹಳೇ ವಾಚು: ಎಷ್ಟು ರಿಪೇರಿ ಮಾಡಿಸಬೇಕು, ಎಲ್ಲಿಗೆ ನಿಲ್ಲಿಸಬೇಕು?

ಬೀರು ಕ್ಲೀನ್ ಮಾಡುವಾಗ ಹಳೇ ವಾಚೊಂದು ಸಿಕ್ಕಿತು ಅಂದುಕೊಳ್ಳಿ. ನಾವೆಲ್ಲ ಮೊದಲು ಮಾಡುವುದು ಒಂದೇ ಕೆಲಸ. ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ, ಕೀ ಕೊಡುತ್ತೇವೆ. ಟಿಕ್ ಟಿಕ್ ಅಂತ ಕೇಳಿಸಿದರೆ ಮುಗೀತು, ಅವತ್ತೇ ಕೈಗೆ ಕಟ್ಟಿಕೊಂಡು ಹೊರಡುತ್ತೇವೆ.

ಸ್ವಲ್ಪ ತಡೆಯಿರಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ವಾಚಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದಕ್ಕೆ ಧೂಳು ಸೇರಿದರೆ ಉಪ್ಪುಕಾಗದ ಇದ್ದ ಹಾಗೆ. ಚಕ್ರಗಳ ಕೂದಲಿನಷ್ಟು ಸಣ್ಣ ಅಚ್ಚುಗಳು ಅದರಲ್ಲೇ ಉಜ್ಜಿಕೊಂಡು ಸವೆಯುತ್ತವೆ. ಓಡುತ್ತದೋ ಇಲ್ಲವೋ ನೋಡಲು ನಾಲ್ಕು ಸುತ್ತು ಕೀ ಸಾಕು. ದಿನಾ ಕಟ್ಟುವುದು ಸರ್ವೀಸ್ ಆದ ಮೇಲೆ.

ನಮ್ಮ ಮನೆಯಲ್ಲಿ ಇಂಥ ವಾಚು ಎರಡಿವೆ. ಒಂದು ಅಜ್ಜನ ಸ್ವಿಸ್ ವಾಚು. ಅದನ್ನು ನಾನೇ ಹಾಳು ಮಾಡಿಸಿದೆ. ಇನ್ನೊಂದು ಅಪ್ಪನ ಎಚ್‌ಎಂಟಿ ಜನತಾ. ಮೊದಲನೆಯದರಲ್ಲಿ ಕಲಿತ ಪಾಠದಿಂದ ಎರಡನೆಯದು ಉಳಿಯಿತು. ಅದೇ ಪಾಠವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ವಾಚು ಯಾವ ಕೆಲಸಕ್ಕೆ?

ದಿನಾ ಕಟ್ಟಿಕೊಳ್ಳಲೋ, ಮದುವೆ ಮುಂಜಿಗೆ ಮಾತ್ರವೋ, ಮಾರಲೋ, ಸುಮ್ನೆ ನೆನಪಿಗೆ ಇಟ್ಟುಕೊಳ್ಳಲೋ? ಅಂಗಡಿಗೆ ಹೋಗುವ ಮೊದಲು ಇದನ್ನು ಮನೆಯಲ್ಲೇ ತೀರ್ಮಾನ ಮಾಡಿ. ನೆನಪಿಗೆ ಮಾತ್ರ ಅಂದರೆ ಏನೂ ಮಾಡಿಸದೆ, ಕೀ ಕೊಡದೆ ಒಣ ಜಾಗದಲ್ಲಿ ಇಟ್ಟರೆ ಆಯಿತು. ಮಾರುವುದಾದರೂ ಅಷ್ಟೇ, ಕೈ ಹಾಕಬೇಡಿ. ಹಳೇ ವಾಚು ಕೊಳ್ಳುವವರು ಹೊಳಪಿಗಿಂತ ಅಸಲಿತನಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಕಟ್ಟಿಕೊಳ್ಳುವುದಾದರೆ ಮುಂದೆ ಓದಿ.

ಇನ್ನೊಂದು ಮಾತು. ಜನತಾದಂಥ ವಾಚಿಗೆ ಸರ್ವೀಸ್ ಖರ್ಚು ಕೆಲವೊಮ್ಮೆ ವಾಚಿನ ಬೆಲೆಯನ್ನೇ ಮೀರುತ್ತದೆ. ಲಾಭ ನಷ್ಟ ನೋಡುವವರು ಇಲ್ಲಿಗೇ ಬಿಟ್ಟುಬಿಡಬಹುದು, ಅದರಲ್ಲಿ ತಪ್ಪೇನಿಲ್ಲ.

ಹೆಜ್ಜೆ 2: ಬೆನ್ನು ಬಿಚ್ಚಿಸಿ ನೋಡಿ

ಯಾವುದನ್ನೂ ಒಪ್ಪಿಕೊಳ್ಳುವ ಮೊದಲು ನಿಮ್ಮ ಕಣ್ಣೆದುರೇ ಬ್ಯಾಕ್ ಕವರ್ ತೆಗೆಸಿ. ಅಪ್ಪನ ವಾಚು ನೋಡಿದವರು ನಮ್ಮ ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಸಣ್ಣ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಹಿರಿಯರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರೆ ಮಾತೇ ಇಲ್ಲ.

ಅಪ್ಪ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯಿತು. ಆದರೆ ಅದರ ಹತ್ತಿ ಇನ್ನೂ ಆ ವಾಚಿನಲ್ಲಿತ್ತು! ಕೀ ಕಡ್ಡಿಗೆ ಬೂದು ಬಣ್ಣದ ಎಳೆಯೊಂದು ನೂಲಿನ ಹಾಗೆ ಸುತ್ತಿಕೊಂಡಿತ್ತು. ಹಿರಿಯರು ಚಿಮುಟದಲ್ಲಿ ಅದನ್ನು ಎಳೆದು ಬಿಳಿ ಕಾಗದದ ಮೇಲೆ ಇಟ್ಟರು. 'ನಿಮ್ಮದು ಹತ್ತಿ. ಮಂಡಕ್ಕಿ ಭಟ್ಟಿಯವರ ವಾಚಿನಾಗೆ ಹೊಟ್ಟಿನ ಬೂದಿ ಇರ್ತದೆ ನೋಡ್ರಿ' ಅಂದರು. ಊರಿನ ಕಸುಬೆಲ್ಲ ವಾಚಿನ ಹೊಟ್ಟೆಯಲ್ಲಿ ಸಿಗುತ್ತದಲ್ವಾ? ಅಪ್ಪನ ನೆನಪು ಅಂತ ಆ ಎಳೆಯನ್ನು ನಾನು ಇಟ್ಟುಕೊಳ್ಳಲಿಲ್ಲ. ವಾಚಿಗೆ ಅದು ಕಾಯಿಲೆ.

ಬ್ಯಾಕ್ ಕವರಿನ ಒಳಮೈಯನ್ನೂ ನೋಡಿ. ಹಿಂದೆ ರಿಪೇರಿ ಮಾಡಿದವರು ಸೂಜಿಮೊನೆಯಿಂದ ತಾರೀಖು ಗೀರಿರುತ್ತಾರೆ. ಅಪ್ಪನದರಲ್ಲಿ ಮೂರಿದ್ದವು: 11-3-76, 20-10-81, 2-5-88. ಅಂದರೆ 88ರ ನಂತರ ಎಣ್ಣೆ ಕಂಡಿಲ್ಲ ಅಂತ ಲೆಕ್ಕ. ಯಾವ ಕಾರಣಕ್ಕೂ ಇದನ್ನು ಉಜ್ಜಿ ಹೊಳೆಸಲು ಬಿಡಬೇಡಿ.

ಹೆಜ್ಜೆ 3: ಮಷಿನ್‌ಗೆ ಕಂಜೂಸುತನ ಬೇಡ

ಒಳಗಿನ ಮಷಿನ್‌ಗೆ ಬೇಕಾದ್ದೆಲ್ಲ ಮಾಡಿಸಿ. ಪೂರ್ತಿ ಬಿಚ್ಚಬೇಕು, ತೊಳೆಯಬೇಕು, ಜೋಡಿಸುತ್ತಾ ಜಾಗಕ್ಕೆ ತಕ್ಕ ಎಣ್ಣೆ ಹಾಕಬೇಕು. ಬಿಚ್ಚದೆ ಇಡೀ ಮಷಿನನ್ನು ಪೆಟ್ರೋಲಿನಲ್ಲಿ ಅದ್ದಿ, ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಕೊಡುವವರೂ ಇದ್ದಾರೆ. ನಾಲ್ಕು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಕಥೆ. 'ಪೂರ್ತಿ ಬಿಚ್ಚುತ್ತೀರಾ?' ಅಂತ ಮೊದಲೇ ಕೇಳಿ.

'ಕೀ ಜಾಸ್ತಿ ಕೊಟ್ಟು ಸ್ಟಕ್ ಆಗಿದೆ' ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ತಪ್ಪು ತಿಳಿವಳಿಕೆ. ಒಳಗೆ ಕೊಳೆ ತುಂಬಿ ಚಕ್ರ ತಿರುಗದಿದ್ದರೆ, ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡ ಸ್ಥಿತಿಯಲ್ಲೇ ನಿಂತಿರುತ್ತದೆ. ಹಾಗಾಗಿ ಕೀ ಮುಂದೆ ಹೋಗುವುದಿಲ್ಲ. ತೊಳೆದರೆ ಸರಿಹೋಗುತ್ತದೆ.

ವಾಚು ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡುತ್ತಿದೆಯಾ? ಬಿಡಿಭಾಗ ಬದಲಿಸಲು ಒಪ್ಪುವ ಮೊದಲು ಅಯಸ್ಕಾಂತದ ದೋಷ ಇದೆಯಾ ನೋಡಿ. ಸ್ಪೀಕರ್ ಪಕ್ಕ ಇಟ್ಟರೂ ಸಾಕು, ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾಚನ್ನು ದಿಕ್ಸೂಚಿಯ ಹತ್ತಿರ ಹಿಡಿಯಿರಿ. ಮುಳ್ಳು ಅತ್ತಿತ್ತ ನಡುಗಿದರೆ ಅದೇ ಕಾರಣ. ಅಯಸ್ಕಾಂತ ಇಳಿಸುವ ಸಣ್ಣ ಪೆಟ್ಟಿಗೆ ಇದ್ದವರಿಗೆ ಇದು ನಿಮಿಷದ ಕೆಲಸ.

ಇನ್ನು ಬಿಡಿಭಾಗದ ಪ್ರಶ್ನೆ. ಎಚ್‌ಎಂಟಿ ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ಕಾರ್ಖಾನೆ ಶುರು ಮಾಡಿತು. ಮುಂದೆ ತುಮಕೂರಿನಲ್ಲೂ ಒಂದು ಬಂತು. 2016ರಲ್ಲಿ ಕೇಂದ್ರ ಸರ್ಕಾರ ವಾಚು ವಿಭಾಗ ಮುಚ್ಚಲು ಒಪ್ಪಿಗೆ ಕೊಟ್ಟಿತು. ಹಾಗಾಗಿ ಕಂಪನಿಯಿಂದ ಹೊಸ ಪಾರ್ಟ್ ಬರುತ್ತದೆ ಅಂತ ಕಾಯಬೇಡಿ. ಆದರೆ ಅಷ್ಟೊಂದು ವಾಚು ಮಾಡಿದ್ದರಿಂದ ಅದೇ ಮಾದರಿಯ ಕೆಟ್ಟ ವಾಚು ಸುಲಭವಾಗಿ ಸಿಗುತ್ತದೆ. ಒಂದು ಕೊಂಡು ಅದರ ಚಕ್ರ, ಕಡ್ಡಿ ಇದಕ್ಕೆ ಹಾಕಿಸಬಹುದು. ಅಪ್ಪನ ವಾಚಿನ ಬ್ಯಾಲೆನ್ಸ್ ವೀಲ್ (ಅತ್ತಿತ್ತ ತೂಗುತ್ತಾ ವಾಚಿನ ಲಯ ಕಾಯುವ ಚಕ್ರ) ಬಂದದ್ದು ಹಾಗೆಯೇ. ಕಣ್ಣಿಗೆ ಕಾಣದ ಜಾಗದಲ್ಲಿ, ಅದೇ ಮಾದರಿಯ ಅಸಲಿ ಭಾಗ ಹಾಕಿದರೆ ನನಗಂತೂ ಬೇಸರವಿಲ್ಲ.

ಹಾಂ, ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಇದ್ದರೆ ಆಸೆ ಪಡಬೇಡಿ. ಅವು ಕಾರ್ಖಾನೆಯಲ್ಲಿ ಮಾಡಿದ ಕೆಂಪು ಕಲ್ಲುಗಳು. ಅಚ್ಚು ಸವೆಯದಂತೆ ಬೇರಿಂಗ್ ಕೆಲಸ ಮಾಡುತ್ತವೆ ಅಷ್ಟೇ. ಅಕ್ಕಸಾಲಿಗೆ ತೋರಿಸಿದರೆ ನಗುತ್ತಾರೆ.

ಹೆಜ್ಜೆ 4: ಗ್ಲಾಸು, ಬೆಲ್ಟು

ಇವುಗಳ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಬೆಲ್ಟು ಯಾವತ್ತಿದ್ದರೂ ಬದಲಾಗುವಂಥದ್ದು. ಹಳೇ ವಾಚುಗಳ ಗ್ಲಾಸು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಜಾತಿ. ಸಣ್ಣ ಗೀರು ಲೋಹ ಪಾಲಿಶ್ ಮಾಡುವ ಪೇಸ್ಟು ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಒಡೆದಿದ್ದರೆ ಬದಲಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಧೂಳು, ಬೆವರು ಒಳಗೆ ಹೋಗುತ್ತದೆ. ತೆಗೆದದ್ದನ್ನೆಲ್ಲ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಸಿಕೊಂಡು ಬನ್ನಿ. ಕೀ ತಿರುಪು ಬದಲಿಸಿದರಂತೂ ಹಳೆಯದನ್ನು ಕೇಳಿ ಪಡೆಯಿರಿ, ಅದರ ಮೇಲೆ ಕಂಪನಿಯ ಗುರುತು ಇರಬಹುದು.

ಹೆಜ್ಜೆ 5: ಪಾಲಿಶ್ ಅಂದಾಗ ಕೈ ತಡೆಯಿರಿ

ಬ್ಯಾಕ್ ಕವರ್ ಮೇಲೆ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಇದ್ದರೆ ಖುಷಿಪಡುವ ಮೊದಲು ಇನ್ನೊಮ್ಮೆ ಓದಿ. ಸ್ಟೀಲ್ ಇರುವುದು ಬೆನ್ನಿಗೆ ಮಾತ್ರ. ಸುತ್ತಲಿನ ಕೇಸು ಹೆಚ್ಚಾಗಿ ಹಿತ್ತಾಳೆ, ಮೇಲೆ ಕ್ರೋಮ್ ಅಥವಾ ಚಿನ್ನದ ನೀರು. ಅದನ್ನು ಪಾಲಿಶ್ ಚಕ್ರಕ್ಕೆ ಹಿಡಿದರೆ ತೆಳು ಪದರ ಹೋಗಿ ಹಿತ್ತಾಳೆ ಇಣುಕುತ್ತದೆ. ಪೂರ್ತಿ ಸ್ಟೀಲ್ ಇದ್ದರೂ ಬೆಲ್ಟು ಸಿಕ್ಕಿಸುವ ಕಿವಿಗಳ ಚೂಪು ಅಂಚು ದುಂಡಾಗುತ್ತದೆ. ಹೋದ ಲೋಹ ವಾಪಸ್ ಬರುವುದಿಲ್ಲ. ಮಷಿನ್ ಹೊರಗೆ ತೆಗೆದಿರುವಾಗ ಖಾಲಿ ಕೇಸನ್ನು ಸೋಪಿನ ನೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆಸಿ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಬೆಲ್ಟಿನ ಪಿನ್ ಕೂರುವ ತೂತು ಸವೆದು ವಾಚು ಬಿದ್ದುಹೋಗುವಂತಿದ್ದರೆ ಮಾತ್ರ ಅದನ್ನು ಸರಿಮಾಡಿಸಿ.

ಹೆಜ್ಜೆ 6: ಡಯಲ್ ಮುಟ್ಟಬೇಡಿ

ಈಗ ಅಜ್ಜನ ವಾಚಿನ ಕಥೆ. ಡಯಲ್ ಹಳದಿ ತಿರುಗಿತ್ತು, ಅಂಚಿನಲ್ಲಿ ಕಾಫಿ ಬಣ್ಣದ ಚುಕ್ಕೆಗಳಿದ್ದವು. 'ಡಯಲ್ ಹೊಸದು ಮಾಡಿಸಿ ಕೊಡ್ತೀವಿ' ಅಂದರು ಒಂದು ಅಂಗಡಿಯಲ್ಲಿ. ನಾನು ಹೂಂ ಅಂದೆ. ಹದಿನೈದು ದಿನ ಬಿಟ್ಟು ಬಂದದ್ದು ಸುಣ್ಣ ಹೊಡೆದ ಗೋಡೆಯಂಥ ಬಿಳಿ ಡಯಲ್. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿ ಸ್ವಲ್ಪ ವಾಲಿಕೊಂಡು ಕೂತಿತ್ತು. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಹೊಂದುತ್ತಿರಲಿಲ್ಲ. 6ರ ಕೆಳಗೆ ಇರುವೆ ಗಾತ್ರದಲ್ಲಿ ಇದ್ದ 'ಸ್ವಿಸ್ ಮೇಡ್' ಮಾಯವಾಗಿತ್ತು. ಮನೆಗೆ ತಂದು ತೋರಿಸಿದರೆ ಅತ್ತೆ ಕೇಳಿದ್ದು, 'ಹೊಸಾ ವಾಚ್ ತಗಂಡ್ಯೇನೋ?'

ಹಳೇ ಬಣ್ಣ ಕೆರೆದು ಮೇಲೆ ಬಳಿದಿದ್ದರು. ಕೆರೆದದ್ದನ್ನು ಯಾರೂ ವಾಪಸ್ ಕೊಡಲಾರರು. ಹಳೇ ವಾಚು ಕೊಳ್ಳಲು ಹೊರಟವರು ಕೂಡ ಈ ಮೂರು ಗುರುತು ನೆನಪಿಡಿ. ಬಣ್ಣ ಬಳಿದ ಡಯಲ್‌ಗಳು ನಮ್ಮ ದೇಶದ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಡಯಲ್ ಒರೆಸುವುದೂ ಬೇಡ. ಒದ್ದೆ ಬಟ್ಟೆ ತಾಗಿದರೆ ಅಕ್ಷರವೇ ಎದ್ದು ಬರಬಹುದು. ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿದರೆ ಸಾಕು.

ಕತ್ತಲಲ್ಲಿ ಹೊಳೆಯುವ ಅಂಕಿ, ಮುಳ್ಳು ಇದ್ದರೆ ಇನ್ನೂ ಎಚ್ಚರ. 1960ರ ದಶಕದವರೆಗಿನ ಅನೇಕ ವಾಚುಗಳಲ್ಲಿ ಆ ಬಣ್ಣಕ್ಕೆ ರೇಡಿಯಂ ಸೇರಿಸುತ್ತಿದ್ದರು. ಈಗ ಹೊಳೆಯುವುದಿಲ್ಲವಲ್ಲ, ಶಕ್ತಿ ಹೋಗಿದೆ ಅಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಕೆರೆದರೆ ಪುಡಿ ಉಸಿರಿಗೆ ಹೋಗುತ್ತದೆ. ಮನೆಯಲ್ಲಿ ಬಿಚ್ಚಬೇಡಿ, ಹೊಸ ಹೊಳಪು ಬಣ್ಣ ಹಚ್ಚಿಸಬೇಡಿ.

ಹಾಗಾದರೆ ಡಯಲ್‌ಗೆ ಏನೂ ಮಾಡಲೇಬಾರದಾ? ಒಂದು ಸಂದರ್ಭ ಇದೆ. ಬಣ್ಣ ಚಕ್ಕೆಯಾಗಿ ಏಳುತ್ತಿದ್ದರೆ, ಮುಳ್ಳಿನ ತುಕ್ಕು ಉದುರಿ ಮಷಿನ್ ಒಳಗೆ ಬೀಳುತ್ತಿದ್ದರೆ, ಆಗ ಅದು ಬರೀ ಹಳೇತನ ಅಲ್ಲ, ರೋಗ. ಅದೇ ಮಾದರಿಯ ಅಸಲಿ ಡಯಲ್, ಅಸಲಿ ಮುಳ್ಳು ಹುಡುಕಿ ಹಾಕಿಸಿ, ಹಳೆಯದನ್ನು ಡಬ್ಬಿಗೆ ಸೇರಿಸಿ. ಬೇಡ ಅನ್ನಿಸಿದ ದಿನ ಮತ್ತೆ ಹಾಕಿಸಬಹುದು.

ಹೆಜ್ಜೆ 7: ಬರೆದು ಕೊಡಿ, ಪರೀಕ್ಷಿಸಿ ತನ್ನಿ

ಕೊಡುವ ಮೊದಲು ಡಯಲ್, ಬೆನ್ನು, ಒಳಗಿನ ಮಷಿನ್ ಮೂರರ ಫೋಟೊ ತೆಗೆಯಿರಿ. ಚೀಟಿಯಲ್ಲಿ ಎರಡೇ ಸಾಲು ಬರೆಸಿ: 'ಪೂರ್ತಿ ಸರ್ವೀಸ್. ಡಯಲ್ ಮುಟ್ಟಬೇಡಿ, ಕೇಸ್ ಪಾಲಿಶ್ ಬೇಡ.' ಬಾಯಲ್ಲಿ ಹೇಳಿದ್ದು ಅಂಗಡಿಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ ಹೊಳೆಸಿ ಕೊಟ್ಟುಬಿಡುತ್ತಾರೆ.

ವಾಪಸ್ ಬಂದ ಮೇಲೆ ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟು, ಒಂದು ವಾರ ಫೋನಿನ ಸಮಯಕ್ಕೆ ಹೋಲಿಸಿ ಬರೆದಿಡಿ. ದಿನಕ್ಕೆ 30 ಸೆಕೆಂಡ್ ಹೆಚ್ಚುಕಮ್ಮಿ ಆದರೆ ಜಗಳ ಬೇಡ. ದಿನಕ್ಕೆ 86,400 ಸೆಕೆಂಡ್ ಇವೆ, ಅದರಲ್ಲಿ 30 ಅಂದರೆ ಶೇ 0.04ಕ್ಕೂ ಕಮ್ಮಿ. ಜನತಾ ಒಂದು ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ ಟಿಕ್ ಅನ್ನುತ್ತದೆ. ಈ ಟಿಕ್ ಕೇಳಿ ಲೆಕ್ಕ ಹಾಕುವ ಯಂತ್ರ ಅಂಗಡಿಯಲ್ಲಿದ್ದರೆ ತೋರಿಸಲು ಹೇಳಿ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ ಬ್ಯಾಲೆನ್ಸ್ ವೀಲ್ 250ರಿಂದ 300 ಡಿಗ್ರಿ ತೂಗುತ್ತಿದೆ ಅಂತ ಆ ಯಂತ್ರ ತೋರಿಸಿದರೆ ಆರೋಗ್ಯ ಚೆನ್ನಾಗಿದೆ. 200ಕ್ಕಿಂತ ಕೆಳಗಿದ್ದರೆ ವಾಪಸ್ ಕೊಡಿ. ನೀರಿಗೆ ಮಾತ್ರ ಹಾಕಬೇಡಿ. ಕೈ ತೊಳೆಯುವಾಗಲೂ ಬಿಚ್ಚಿಡಿ.

ಅಪ್ಪನ ವಾಚು ತರಲು ಹೋದಾಗ ಹಿರಿಯರು ಬ್ಯಾಕ್ ಕವರ್ ಇನ್ನೂ ಮುಚ್ಚಿರಲಿಲ್ಲ. ಕೈಯಲ್ಲಿ ಸೂಜಿ ಇತ್ತು. 'ತಾರೀಖು ಬರೀಲೇನ್ರಿ?' ಅಂದರು. ನಾನು ಅಲ್ಲಿ ಇಲ್ಲಿ ಓದಿಕೊಂಡಿದ್ದನ್ನು ಒಪ್ಪಿಸಿದೆ: 'ಬೇಡ ಯಜಮಾನ್ರೇ, ಈಗ ಹಂಗೆ ಗೀರಬಾರದಂತೆ. ಚೀಟಿ ಬರೆದು ಕೊಡ್ರಿ, ಡಬ್ಬಿಯಲ್ಲಿ ಇಟ್ಕೊಳ್ತೀನಿ.' ಅವರು ಭೂತಗನ್ನಡಿ ಹಣೆಗೆ ಏರಿಸಿ ನನ್ನ ಮುಖ ನೋಡಿದರು. 'ಆ ಮೂರು ಮಂದಿ ಗೀರಿದ್ದನ್ನ ಫೋಟೊ ಹೊಡಕಂಡ್ರಿ. ನಾನು ಗೀರಿದ್ರೆ ಆಗಂಗಿಲ್ಲೇನು?'

ನನ್ನ ಉತ್ತರಕ್ಕೆ ಕಾಯಲಿಲ್ಲ. 88ರ ಕೆಳಗೆ ನಾಲ್ಕನೆಯ ತಾರೀಖು ಗೀರಿ, ಟಕ್ ಅಂತ ಕವರ್ ಒತ್ತಿ ಕೊಟ್ಟರು.