ಕ್ಯಾಮ್ರಿಯೋ ಅಕಾರ್ಡೋ? ಹೈಬ್ರಿಡ್ ಸೆಡಾನ್ ಕೊಳ್ಳುವ ಮುಂಚೆ ಹೀಗೆ ನೋಡಿ

ನಾವಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿಂದ ಸ್ವಲ್ಪ ದೂರ ಹೋದರೆ ಮೇರಿಸ್‌ವಿಲ್. ಹೋಂಡಾದವರು ಅಮೆರಿಕದ ನೆಲದಲ್ಲಿ ಮೊದಲ ಅಕಾರ್ಡ್ ಮಾಡಿದ್ದು ಅಲ್ಲೇ, 1982ರಲ್ಲಿ. ದಕ್ಷಿಣಕ್ಕೆ ಸುಮಾರು ಮೂರು ಗಂಟೆ ಓಡಿಸಿದರೆ ಕೆಂಟಕಿಯ ಜಾರ್ಜ್‌ಟೌನ್. ಅದು ಟೊಯೋಟಾ ಕ್ಯಾಮ್ರಿ ಊರು. ಈ ಎರಡು ಕಾರುಗಳ ಪೈಪೋಟಿ ನಮಗೆ ಅಕ್ಕಪಕ್ಕದ ಮನೆಯ ಮಾತಿದ್ದ ಹಾಗೆ.

ಹೋದ ವಾರ ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ಹೈಬ್ರಿಡ್ ಸೆಡಾನ್ ತಗೋಬೇಕು. ಯಾವುದು ಒಳ್ಳೇದು ಹೇಳಿ." ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟಾರೂ ಇರುವ ಕಾರು. ಸುಮ್ನೆ ಒಂದು ಹೆಸರು ಹೇಳಿಬಿಡಲು ಮನಸ್ಸಾಗಲಿಲ್ಲ. ಹೇಗೆ ನೋಡಬೇಕು ಅಂತ ಹೇಳಿಕೊಟ್ಟೆ. ಏಳು ವರ್ಷದಿಂದ ನಮ್ಮ ಮನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಇದೆ, ಆದರೆ ಅದೇ ಎಲ್ಲರಿಗೂ ಸರಿ ಅಂತ ನಾನು ಹೇಳುವುದಿಲ್ಲ.

ಮೊದಲು ನಿಮ್ಮ ದಾರಿ ತಿಳಿದುಕೊಳ್ಳಿ. ಒಂದು ವಾರ ಬರೆದಿಡಿ: ಸಿಗ್ನಲ್ ಇರುವ ರಸ್ತೆಯಲ್ಲಿ ಎಷ್ಟು ಮೈಲಿ, ಹೈವೇಯಲ್ಲಿ ಎಷ್ಟು. ಇದು ಯಾಕೆ ಬೇಕು ಅಂದರೆ, ಹೈಬ್ರಿಡ್ ಅನ್ನುವ ಒಂದೇ ಹೆಸರಿನ ಕೆಳಗೆ ಕೆಲಸ ಮಾಡುವ ರೀತಿ ಬೇರೆ ಬೇರೆ. ಟೊಯೋಟಾದಲ್ಲಿ ಮಧ್ಯೆ ಒಂದು ಹಲ್ಲುಚಕ್ರ, ಸುತ್ತ ಸಣ್ಣ ಚಕ್ರಗಳು, ಹೊರಗೆ ಬಳೆಯಂಥ ಒಂದು ಚಕ್ರ. ಎಂಜಿನ್ ಮತ್ತು ಎರಡು ಮೋಟಾರ್ ಇದರ ಮೂಲಕವೇ ಶಕ್ತಿ ಹಂಚಿಕೊಳ್ಳುತ್ತವೆ. ಹೋಂಡಾದಲ್ಲಿ ಊರೊಳಗೆ ಹೆಚ್ಚಿನ ಹೊತ್ತು ಕಾರಿನ ಗಾಲಿ ತಿರುಗಿಸುವುದು ಮೋಟಾರೇ. ಎಂಜಿನ್ ಹಿಂದೆ ನಿಂತು ಕರೆಂಟ್ ಮಾಡಿಕೊಡುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರವಾಗಿ ಗಾಲಿಗೆ ಜೋಡಿಸುತ್ತದೆ. ಹ್ಯುಂಡೈ ಸೊನಾಟಾದಲ್ಲಿ ಮಾಮೂಲಿ ಆರು ಗೇರಿನ ಆಟೋಮ್ಯಾಟಿಕ್, ಅದರ ಜೊತೆಗೆ ಮೋಟಾರ್. ಪೆಟ್ರೋಲ್ ಕಾರಿನ ಗೇರ್ ಬದಲಾಗುವ ಅನುಭವವೇ ಇಷ್ಟ ಅನ್ನುವವರು ಸೊನಾಟಾವನ್ನೂ ಒಮ್ಮೆ ಓಡಿಸಿ ನೋಡಿ.

ಕಂಪನಿಗಳು ತಪ್ಪಿ ಕಲಿತದ್ದೂ ನಮಗೆ ಪಾಠ. ಟೊಯೋಟಾ 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ತಂದಿತು. ಆದರೆ ಅಮೆರಿಕದಲ್ಲಿ ಮೊದಲು ಹೈಬ್ರಿಡ್ ಮಾರಿದ್ದು ಹೋಂಡಾ, 1999ರ ಕೊನೆಗೆ, ಇನ್ಸೈಟ್ ಅನ್ನುವ ಎರಡು ಸೀಟಿನ ಪುಟ್ಟ ಕಾರು. 2005ರ ಮಾಡೆಲ್ಲಾಗಿ ಹೋಂಡಾ ಅಕಾರ್ಡ್ ಹೈಬ್ರಿಡ್ ತಂದಾಗ ಅದಕ್ಕೆ ವಿ6, ಅಂದರೆ ಆರು ಸಿಲಿಂಡರಿನ ಎಂಜಿನ್ ಹಾಕಿತು. ಶಕ್ತಿ ಜಾಸ್ತಿ, ಬೆಲೆಯೂ ಜಾಸ್ತಿ. ಪೆಟ್ರೋಲ್ ಉಳಿಸಲು ಬಂದವರಿಗೆ ಅದು ಬೇಕಿರಲಿಲ್ಲ, 2007ರ ಮಾಡೆಲ್‌ಗೇ ನಿಂತುಹೋಯಿತು. ಅದೇ 2007ರ ಮಾಡೆಲ್ಲಾಗಿ ನಾಲ್ಕು ಸಿಲಿಂಡರಿನ ಕ್ಯಾಮ್ರಿ ಹೈಬ್ರಿಡ್ ಬಂತು, ಗಟ್ಟಿಯಾಗಿ ನಿಂತಿತು. ಅಕಾರ್ಡ್ ಹೈಬ್ರಿಡ್ ಮರಳಿ ಬಂದದ್ದು 2014ರ ಮಾಡೆಲ್‌ಗೆ, ಈಗಿನ ಎರಡು ಮೋಟಾರಿನ ರೂಪದಲ್ಲಿ. ಅಷ್ಟರಲ್ಲಿ ಕಣದಲ್ಲಿದ್ದ ಫೋರ್ಡ್ ಫ್ಯೂಷನ್ 2020ರಲ್ಲಿ ನಿಂತಿತು. ಟೊಯೋಟಾ 2025ರ ಕ್ಯಾಮ್ರಿಯನ್ನು ಹೈಬ್ರಿಡ್ ಬಿಟ್ಟು ಬೇರೆ ರೂಪದಲ್ಲಿ ಮಾರುವುದನ್ನೇ ನಿಲ್ಲಿಸಿತು.

ಈಗ ಮೈಲೇಜ್. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಒಂದೇ ಕಾರು ಎಲ್‌ಇ, ಎಸ್‌ಇ ಅಂತ ಬೇರೆ ಬೇರೆ ಟ್ರಿಮ್‌ನಲ್ಲಿ, ಅಂದರೆ ದರ್ಜೆಯಲ್ಲಿ ಬರುತ್ತದೆ. 2025ರ ಕ್ಯಾಮ್ರಿ ಎಲ್‌ಇಗೆ ಸರ್ಕಾರದ ಅಂಕಿ ಗ್ಯಾಲನ್ನಿಗೆ 51 ಮೈಲಿ. ಎಸ್‌ಇ ತಗೊಂಡರೆ 47. ಅಕಾರ್ಡ್ ಹೈಬ್ರಿಡ್ ಇಎಕ್ಸ್-ಎಲ್‌ಗೆ 48, ಸ್ಪೋರ್ಟ್‌ಗೆ 44. ಸ್ಪೋರ್ಟ್‌ಗೆ 19 ಇಂಚಿನ ದೊಡ್ಡ ಗಾಲಿ, ಇಎಕ್ಸ್-ಎಲ್‌ಗೆ 17. ಅಂದ ನೋಡಿ ದೊಡ್ಡ ಗಾಲಿ ಆರಿಸಿಕೊಂಡರೆ ಮೈಲೇಜ್ ಅಲ್ಲೇ ಸೋರುತ್ತದೆ. ಹೋಲಿಸುವಾಗ ಕ್ಯಾಮ್ರಿ, ಅಕಾರ್ಡ್ ಅಂತಷ್ಟೇ ಹೋಲಿಸಬೇಡಿ, ನೀವು ಕೊಳ್ಳುವ ಅದೇ ಟ್ರಿಮ್ ಇಟ್ಟುಕೊಂಡು ಹೋಲಿಸಿ. ಆಮೇಲೆ ಲೆಕ್ಕ ಹಾಕಿ. ವರ್ಷಕ್ಕೆ 12,000 ಮೈಲಿ ಓಡಿಸಿದರೆ 51ರ ಕಾರಿಗೆ ಸುಮಾರು 235 ಗ್ಯಾಲನ್, 44ರ ಕಾರಿಗೆ 273. ಗ್ಯಾಲನ್ನಿಗೆ 3 ಡಾಲರ್ ಅಂದುಕೊಂಡರೆ ವರ್ಷಕ್ಕೆ 112 ಡಾಲರ್ ಆಸುಪಾಸಿನ ವ್ಯತ್ಯಾಸ. ಅಷ್ಟೇ! ಕಾರಿನ ಬೆಲೆಯಲ್ಲಿ ಎರಡು ಸಾವಿರ ಡಾಲರ್ ಅಂತರವಿದ್ದರೆ ಪೆಟ್ರೋಲಿನಲ್ಲಿ ಅದನ್ನು ತುಂಬಿಕೊಳ್ಳಲು ಹದಿನೇಳು, ಹದಿನೆಂಟು ವರ್ಷ ಬೇಕು.

ಟೆಸ್ಟ್ ಡ್ರೈವ್ ಎರಡೂ ಕಾರಿನದ್ದು ಒಂದೇ ದಿನ, ಆದಷ್ಟೂ ಒಂದೇ ಥರದ ರಸ್ತೆಯಲ್ಲಿ ಮಾಡಿ. ಎಂಜಿನ್ ತಣ್ಣಗಿರಬೇಕು. ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಹೈಬ್ರಿಡ್ಡಿನ ನಿಜವಾದ ದನಿ ಕೇಳುವುದಿಲ್ಲ. ಹೈವೇ ಹತ್ತುವಾಗ ಪೆಡಲ್ ಪೂರ್ತಿ ಒತ್ತಿ. ನನ್ನ ಕಿವಿಗೆ ಕ್ಯಾಮ್ರಿ ಆಗ ಸ್ವಲ್ಪ ಗುರುಗುಟ್ಟುತ್ತದೆ, ಅಕಾರ್ಡ್ ನಯವಾಗಿದೆ. ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿ ಪಕ್ಕದಲ್ಲಿಡಿ. ಬ್ರೇಕ್ ಒತ್ತಿದಾಗ ಮೊದಲು ಮೋಟಾರ್ ಕಾರನ್ನು ತಡೆದು ಬ್ಯಾಟರಿ ತುಂಬಿಸುತ್ತದೆ, ಕೊನೆಗೆ ನಿಜವಾದ ಬ್ರೇಕ್ ಹಿಡಿಯುತ್ತದೆ. ಆ ಕೈ ಬದಲಾಗುವ ಗಳಿಗೆಯಲ್ಲಿ ನೀರು ಎಷ್ಟು ತುಳುಕುತ್ತದೆ ನೋಡಿ.

ನಾನು ಷೋರೂಮಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿ ನೋವು, ಸೀರೆ ಉಡುತ್ತಾರೆ. ಹಿಂದಿನ ಸೀಟಿಗೆ ಮೂರು ಸಲ ಹತ್ತಿ ಇಳಿದರು. ಸೆಡಾನ್ ತಗ್ಗು, ತಲೆ ಬಗ್ಗಿಸಬೇಕು, ಒಂದು ಕೈ ಬಾಗಿಲಿಗೆ ಊರಬೇಕು. ಯಾವ ಬ್ರೋಷರ್‌ನಲ್ಲೂ ಇದು ಇರುವುದಿಲ್ಲ. ಊರಿಂದ ಅವರು ತಂದಿದ್ದ ಎರಡು ದೊಡ್ಡ ಸೂಟ್‌ಕೇಸನ್ನೂ ಒಯ್ದು ಡಿಕ್ಕಿಯಲ್ಲಿಟ್ಟು ನೋಡಿದೆವು. ಈಗಿನ ಅಕಾರ್ಡ್ ಡಿಕ್ಕಿ 16.7 ಘನ ಅಡಿ, ಕ್ಯಾಮ್ರಿಯದು 15.1. ಆದರೆ ಬಾಯಿ ಎಷ್ಟು ಅಗಲ ಅನ್ನುವುದು ಸೂಟ್‌ಕೇಸಿಗೇ ಗೊತ್ತಾಗುವುದು. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಇದೆಯಾ, ಬರೀ ಪಂಕ್ಚರ್ ಕಿಟ್ ಇದೆಯಾ ಅಂತಲೂ ನೋಡಿ.

ಹಿಮ ಬೀಳುವ ಊರಾದರೆ ಇನ್ನೊಂದು ಮಾತು. ಕ್ಯಾಮ್ರಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಯ್ಕೆ ಇದೆ, ಅಕಾರ್ಡ್‌ನಲ್ಲಿ ಇಲ್ಲ. ಚಳಿಗಾಲದಲ್ಲಿ ಯಾವ ಹೈಬ್ರಿಡ್ಡಿನ ಮೈಲೇಜೂ ಇಳಿಯುತ್ತದೆ, ಒಳಗೆ ಬೆಚ್ಚಗಿಡಲು ಎಂಜಿನ್ ಓಡಲೇಬೇಕು.

ಬ್ಯಾಟರಿ ಬಗ್ಗೆ ಭಯ ಬೇಡ, ಆದರೆ ವಾರಂಟಿ ಓದಿ. ಟೊಯೋಟಾ 10 ವರ್ಷ ಅಥವಾ 1,50,000 ಮೈಲಿ ಕೊಡುತ್ತದೆ. ಹೋಂಡಾದ್ದು 8 ವರ್ಷ ಅಥವಾ 1,00,000 ಮೈಲಿ, ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಎರಡರಲ್ಲೂ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದಕ್ಕೆ ಗಾಳಿ ಹೋಗುವ ಜಾಲರಿಗೆ ಬ್ಯಾಗು, ಕಂಬಳಿ ಅಡ್ಡ ಇಡಬೇಡಿ. ನಮ್ಮ ಕಾರಿನಲ್ಲಿ ಮಕ್ಕಳ ಬಿಸ್ಕತ್ತಿನ ಪುಡಿ, ಕೂದಲು ಎಲ್ಲ ಸೇರಿ ಅಲ್ಲೊಂದು ಬೂದು ಪದರ ಕಟ್ಟಿತ್ತು. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯುತ್ತೇನೆ.

ಕೊನೆಗೆ ಬೆಲೆ. ಒಬ್ಬ ಡೀಲರ್ ನನಗೆ ಫೋನಿನಲ್ಲಿ ಒಂದು ಬೆಲೆ ಹೇಳಿ, ಸಹಿ ಹಾಕುವ ಹೊತ್ತಿಗೆ ಪೇಂಟಿಗೆ ರಕ್ಷಣೆ, ಟೈರಿಗೆ ನೈಟ್ರೋಜನ್ ಅಂತ 1,400 ಡಾಲರ್ ಸೇರಿಸಿದ್ದ. ನಾನು ಎದ್ದು ಬಂದೆ. ಅವತ್ತಿನಿಂದ ಟ್ಯಾಕ್ಸು, ರಿಜಿಸ್ಟ್ರೇಷನ್ನು ಎಲ್ಲಾ ಸೇರಿ ಎಷ್ಟು ಅಂತ ಇಮೇಲಿನಲ್ಲಿ ಬರೆಸಿಕೊಳ್ಳದೆ ಹೋಗುವುದಿಲ್ಲ. ಟೊಯೋಟಾದವರ ಕಾಗದವನ್ನು ಹೋಂಡಾದವರಿಗೆ, ಅವರದನ್ನು ಇವರಿಗೆ ತೋರಿಸಿ. ಎರಡು ಕಂಪನಿಗಳ ಪೈಪೋಟಿ ನಮ್ಮ ಜೇಬಿಗೆ ಉಪಯೋಗವಾಗುವುದು ಅಲ್ಲಿ.

ಅಕ್ಕನ ಮಗ ಶನಿವಾರಕ್ಕೆ ಎರಡೂ ಕಡೆ ಹೇಳಿಟ್ಟಿದ್ದಾನೆ. "ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ ಅಂದಿದ್ದೀನಿ ಚಿಕ್ಕಮ್ಮ" ಅಂದ. ಸೂಟ್‌ಕೇಸ್ ನನ್ನದೇ ತಗೊಂಡು ಹೋಗುತ್ತಾನಂತೆ.